ಎಪ್ಪತ್ತು ಎಂದರೆ ಎಷ್ಟು ಜನ?

ಮನುಷ್ಯರು ಕೊಡುವ ಮಾಹಿತಿಯನ್ನು ಕಣ್ಣು ಮುಚ್ಚಿ ನಂಬಬಾರದು ಎಂದು ಸಾಗರದ ಕಾಲೇಜೊಂದರಲ್ಲಿ ಜಾವಾ ಎಂಬ ಕಂಪ್ಯೂಟರ್ ಭಾಷೆಯ ಪಾಠ ಮಾಡುವ ನಾನು ವರ್ಷವರ್ಷವೂ ವಿದ್ಯಾರ್ಥಿಗಳ ತಲೆ ತಿನ್ನುತ್ತೇನೆ. ಪ್ರೋಗ್ರಾಮಿನ ಹೆಸರು ಟೈಪ್ ಮಾಡಿ, ಅದರ ಪಕ್ಕದಲ್ಲೇ ಬೇಕಾದ ವಿವರ ಬರೆದು ಎಂಟರ್ ಒತ್ತುವ ಪದ್ಧತಿ ಒಂದಿದೆ. ಆ ವಿವರಗಳಿಗೆ ಕಮಾಂಡ್ ಲೈನ್ ಆರ್ಗ್ಯುಮೆಂಟ್ ಎನ್ನುತ್ತಾರೆ. ಅಂಕಿ ಇರಬೇಕಾದಲ್ಲಿ ಅಕ್ಷರ ಬಂತೇ, ಏನೂ ಬರೆಯದೆ ಎಂಟರ್ ಒತ್ತಿದರೇ, ಎಲ್ಲವನ್ನೂ ಬಾಗಿಲಲ್ಲೇ ತಡೆದು ನೋಡಬೇಕು. ಇದು ತಿಳಿಯಲಿಲ್ಲ ಎಂದು ಯಾರಾದರೂ ಕೇಳಲು ಬಂದರೆ "ಮೊದಲು ಸರಿಯಾಗಿ ಓದಿಕೊಂಡು ಬಾ" ಎಂದು ಗದರುತ್ತೇನೆ. ಇಂಥ ನಾನು ಹೊಸನಗರದಲ್ಲಿ ಹೆಂಡತಿಯ ತಮ್ಮನ ಗೃಹಪ್ರವೇಶದ ದಿನ, ಖಾಲಿ ಪಾತ್ರೆಯಲ್ಲಿ ಪಾಯಸದ ಸೌಟು ಆಡಿಸುತ್ತ ಬೆವರಿ ನಿಂತಿದ್ದೆ.

ಆದದ್ದಿಷ್ಟು. ಈ ತಮ್ಮ, ರಾಘು, ಊಟದ ಸಾಮಾನು ಎಷ್ಟು ತರಬೇಕೆಂದು ಪೇಚಾಡುತ್ತಿದ್ದ. ನಾನು ದೊಡ್ಡಸ್ತಿಕೆಯಿಂದ ಒಂದು ಪ್ರೋಗ್ರಾಮು ಬರೆದು ಕಳಿಸಿದೆ. ಸಂಖ್ಯೆ ಬರೆದರೆ ಸಾಕು, ಅಕ್ಕಿ, ಬೇಳೆ, ಬೆಲ್ಲ ಎಲ್ಲದರ ತೂಕವನ್ನೂ ಹೇಳುತ್ತದೆ. ಅಕ್ಷರ ಬರೆದರೆ ಬೈಯುತ್ತದೆ, ಸೊನ್ನೆಗಿಂತ ಕಡಿಮೆ ಬರೆದರೂ ಬೈಯುತ್ತದೆ. ರಾಘು ಎಪ್ಪತ್ತು ಎಂದು ಬರೆದ. ಪ್ರೋಗ್ರಾಮು ತಲೆಯಾಡಿಸಿತು.

ಅಡಿಗೆಗೆ ತೀರ್ಥಹಳ್ಳಿಯಿಂದ ಬಂದ ಮಂಜಣ್ಣ ಬೆಳಿಗ್ಗೆ ಚೀಲಗಳನ್ನು ನೋಡಿ, "ಸಾಮಾನು ಇಷ್ಟೆಯಾ ಸಾರ್?" ಎಂದ. "ಕಂಪ್ಯೂಟರ್ ಲೆಕ್ಕ ಮಂಜಣ್ಣ, ಒಂದು ಕಾಳೂ ಹೆಚ್ಚುಕಮ್ಮಿ ಆಗಲ್ಲ" ಎಂದೆ. "ಅಲ್ಲ ಮಾರಾಯ್ರೇ, ಒಂದ್ಮಾತು ರಾಘುನ್ನ ಕೇಳಿ" ಎಂದಳು ಹೆಂಡತಿ. ಕೇಳಿದರೆ ನನ್ನ ವಿದ್ಯೆಗೆ ಅವಮಾನವಲ್ಲವೇ? ಕೇಳಲಿಲ್ಲ.

ಮಧ್ಯಾಹ್ನ ಮೊದಲ ಪಂಕ್ತಿ ಕೂತಿತು. ಆದರೂ ಅಂಗಳ ತುಂಬಿಯೇ ಇತ್ತು. ಜೋಗದ ಕಡೆಯಿಂದ ಒಂದು ವ್ಯಾನು ಬಂತು. ಅಜ್ಜಿ ಇಳಿದರು, ಸೊಸೆಯಂದಿರು ಇಳಿದರು, ಮಕ್ಕಳು ಇಳಿಯುತ್ತಲೇ ಇದ್ದರು. ಎರಡನೇ ಪಂಕ್ತಿಗೆ ಅನ್ನದ ತಳ ಕೆರೆಯುವ ಸದ್ದು ಕೇಳಿದಾಗ ರಾಘುವನ್ನು ಹಿತ್ತಲಿಗೆ ಎಳೆದುಕೊಂಡು ಹೋದೆ.

"ಎಷ್ಟು ಜನಾನ ಕರೆದಿದ್ದೀಯೋ?"

"ಎಪ್ಪತ್ತು ಮನೆ ಭಾವ."

"ಮನೆಯಾ!"

"ಮತ್ತೆಂತ? ಮನೆಗೊಬ್ರು ಬನ್ನಿ ಅಂತ ಕರಿಯೋಕಾಗ್ತದಾ?"

ನಮ್ಮ ಕಡೆ ಯಾರು ತಾನೇ ತಲೆ ಎಣಿಸಿ ಕರೆಯುತ್ತಾರೆ? ಮನೆಮಂದಿಯೆಲ್ಲ ಬರಬೇಕು ಎಂದು ಕರೆಯುವುದೇ ರೂಢಿ. ನಾನೂ ಹಾಗೆಯೇ ಕರೆಸಿಕೊಂಡು, ಹೋಗಿ ಉಂಡು ಬೆಳೆದವನು. ಎಪ್ಪತ್ತು ಅಂಕಿಯೂ ಹೌದು, ಸೊನ್ನೆಗಿಂತ ಹೆಚ್ಚೂ ಹೌದು. ಬಾಗಿಲಲ್ಲಿ ನಿಲ್ಲಿಸಿದ ನನ್ನ ಕಾವಲುಗಾರ ಇನ್ನೇನು ಮಾಡಿಯಾನು! ಒಳಗೆ ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಹೊಸ ಮನೆಯ ಮೊದಲ ಊಟಕ್ಕೆ ಬಂದವರು ಹಸಿದು ಹೋದರೆ ಆ ಮಾತು ಮನೆಯ ಹೊಸತನ ಮಾಸಿದ ಮೇಲೂ ಉಳಿಯುತ್ತದೆ. ನನಗೆ ನಿಜಕ್ಕೂ ನಾಚಿಕೆಯಾಯಿತು.

ಪುಣ್ಯಕ್ಕೆ ಅಕ್ಕಪಕ್ಕದ ಮನೆಗಳಿಂದ ಅಕ್ಕಿ, ಮೊಸರು, ನಿಂಬೆಹಣ್ಣು ಬಂದವು. ಕೊನೆಯ ಪಂಕ್ತಿಯವರು ಪಾಯಸವಿಲ್ಲದೆ ಚಿತ್ರಾನ್ನ, ಮೊಸರನ್ನ ಉಂಡರು. ನಾನು ತಲೆ ತಗ್ಗಿಸಿಕೊಂಡು ಮಜ್ಜಿಗೆ ಬಡಿಸಿದೆ.

ಸಂಜೆ ಎಲ್ಲರೂ ಜಗಲಿಯಲ್ಲಿ ಕೂತಾಗ, ಉಳಿದಿದ್ದ ಚೂರುಪಾರು ಮರ್ಯಾದೆಯನ್ನಾದರೂ ಕಾಪಾಡಿಕೊಳ್ಳೋಣವೆಂದು, "ಅಲ್ವೋ ರಾಘು, ಜನಾನೋ ಮನೆನೋ ಅಂತ ಒಂದು ಸಲ ಕೇಳಬಾರದಿತ್ತಾ?" ಎಂದೆ.

"ಕೇಳಿದ್ದೆ ಭಾವ. ಹೆಲ್ಪ್ ಅಂತ ಟೈಪ್ ಮಾಡಿದೆ."

ಹೆಲ್ಪ್ ಎಂದು ಕೇಳಿದರೆ ಏನು ಬರೆಯಬೇಕೆಂದು ವಿವರಿಸುವ ಸಾಲನ್ನೇ ನಾನು ಬರೆದಿರಲಿಲ್ಲ. "ಏನು ಹೇಳ್ತು?" ಎಂದೆ ಮೆಲ್ಲಗೆ.

"'ತಪ್ಪು! ಸರಿಯಾಗಿ ಓದಿಕೊಂಡು ಬಾ' ಅಂತು. ನಿಮಗೇ ಫೋನ್ ಮಾಡೋಣ ಅಂತಿದ್ದೆ. ಭಾವ ಬರೆದ ಪ್ರೋಗ್ರಾಮೇ ಹಿಂಗೆ ಬೈದ್ರೆ, ಇನ್ನು ಭಾವ ಎಷ್ಟು ಬೈತಾರೋ ಅಂತ ಸುಮ್ನಾದೆ."