ವೇಳಾಪತ್ರಿಕೆ ಬೇರೆಯಾದ ಭಾನುವಾರ

ಬೇರೆಯವರ ವಸ್ತುವನ್ನು ರಿಪೇರಿ ಮಾಡುತ್ತ ಮಾಡುತ್ತ ಅದು ನನ್ನದೇ ಎಂದು ನಂಬಿಬಿಡುವ ಕೆಟ್ಟ ಚಾಳಿ ನನಗಿದೆ. ಪಕ್ಕದ ಮನೆಯವರ ಕೊಡೆಗೆ ಎರಡು ಕಡ್ಡಿ ಹಾಕಿಸಿ, ಎರಡು ಮಳೆಗಾಲ ನಾನೇ ಹಿಡಿದು ತಿರುಗಿದೆ. ಅವರು ಪಾಪ, ತೊಯ್ದುಕೊಂಡೇ ನಮಸ್ಕಾರ ಮಾಡುತ್ತಿದ್ದರು. ಕೊಡೆಯನ್ನಾದರೂ ಮರಳಿಸಬಹುದು, ಕಂಪ್ಯೂಟರ್ ಪ್ರೋಗ್ರಾಮನ್ನು ಏನು ಮಾಡುವುದು?

ತೊಂಬತ್ತರ ದಶಕದ ಮಾತು. ನಾನು ಸೊಲ್ಲಾಪುರದ ಒಂದು ಹೈಸ್ಕೂಲಿನಲ್ಲಿ ಗುಮಾಸ್ತ. ಶಾಲೆಗೊಂದು ಕಂಪ್ಯೂಟರ್ ಬಂತು. ಅದಕ್ಕೆ ಹೊದಿಸಲು ಚಾದರ, ಮುಂದೆ ಹಚ್ಚಲು ಊದಿನಕಡ್ಡಿ ಎಲ್ಲ ಇತ್ತು, ಕೆಲಸ ಮಾತ್ರ ಇರಲಿಲ್ಲ. ಆಗ ನನ್ನ ಹಳೆಯ ಗೆಳೆಯ, ಅಕ್ಕಲಕೋಟದ ಗಣಿತದ ಮಾಸ್ತರ ಸಿದ್ರಾಮಪ್ಪನವರು, ತಾವೇ ಬರೆದ ವೇಳಾಪತ್ರಿಕೆಯ ಪ್ರೋಗ್ರಾಮನ್ನು ಫ್ಲಾಪಿಯಲ್ಲಿ ಕೊಟ್ಟರು. ಒಬ್ಬರೇ ಮಾಸ್ತರರು ಒಂದೇ ತಾಸಿನಲ್ಲಿ ಎರಡು ವರ್ಗಗಳಿಗೆ ಹೋಗಬೇಕಾಗದಂತೆ ಅದು ಹೊಂದಿಸುತ್ತಿತ್ತು. ಒಳಗಿನ ಬರಹವನ್ನೂ ಅವರು ಮುಚ್ಚಿಡಲಿಲ್ಲ. “ಯಾರು ಬೇಕಾದರೂ ತಿದ್ದಬಹುದು, ತಿದ್ದಿದ್ದನ್ನು ನನಗೂ ಕಳಿಸಿ” ಎಂದು ಮೊದಲ ಪರದೆಯಲ್ಲೇ ಹಾಕಿದ್ದರು. ತಿದ್ದು ಎಂದರೆ ನಾನು ಬಿಡುತ್ತೇನೆಯೇ? ಕನ್ನಡ, ಮರಾಠಿ ಎರಡೂ ಮಾಧ್ಯಮಗಳನ್ನು ಸೇರಿಸಿದೆ. ನಮ್ಮ ಹೆಡ್‌ಮಾಸ್ತರರು ಮಂಗಳವಾರದ ಸಂತೆ ತಪ್ಪಿಸುವವರಲ್ಲವಾದ್ದರಿಂದ ಆ ದಿನದ ಕೊನೆಯ ತಾಸನ್ನೇ ತೆಗೆದೆ. ತಿದ್ದಿದ್ದನ್ನೆಲ್ಲ ಅವರಿಗೂ ಕಳಿಸಿದೆ.

ಆದರೆ ತಿಂಗಳಿಗೊಮ್ಮೆ ಅಕ್ಕಲಕೋಟದಿಂದ ಸುಧಾರಿಸಿದ ಪ್ರತಿ ಬರುತ್ತಿತ್ತು. ನನ್ನ ತಿದ್ದುಪಡಿಗಳನ್ನು ಒಂದೊಂದಾಗಿ ಮತ್ತೆ ಅದರೊಳಗೆ ಕೂಡಿಸಬೇಕು. ಒಮ್ಮೆ ಅವರ ಊರಿಗಷ್ಟೇ ಬೇಕಾದ ಒಂದು ಸಾಲು ಕಣ್ತಪ್ಪಿ ಉಳಿಯಿತು. ಅಕ್ಕಲಕೋಟದಲ್ಲಿ ಗುರುವಾರ ಮಠಕ್ಕೆ ಭಕ್ತರ ದಂಡು. ಬಸ್ಸಿನಲ್ಲಿ ಕಾಲಿಡಲು ಜಾಗವಿರುವುದಿಲ್ಲವೆಂದು ಅವರ ಶಾಲೆ ಒಂದು ತಾಸು ಮೊದಲೇ ಬಿಡುತ್ತದೆ. ಆ ಗುರುವಾರ ನಮ್ಮದೂ ಬಿಟ್ಟಿತು. ಮಕ್ಕಳು ಹೋ ಎಂದು ಓಡಿದವು.

“ಏನ್ರಿ ಇದು? ಇವತ್ತ ಸಾಲಿ ಯಾಕ ಬಿಟ್ಟೀರಿ?” ಎಂದರು ಹೆಡ್‌ಮಾಸ್ತರರು.

“ಅಕ್ಕಲಕೋಟದಾಗ ಗರ್ದಿ ಅದರಿ, ಸರ್.”

ಇನ್ನು ನನ್ನ ಪ್ರತಿಯನ್ನು ಬೇರೆಯೇ ಮಾಡಿ, ಅದಕ್ಕೊಂದು ಹೊಸ ಹೆಸರಿಟ್ಟು, ಅಕ್ಕಲಕೋಟದ ಹಂಗು ಬಿಡಬೇಕೆನಿಸಿತು. ಆದರೆ ಸಿದ್ರಾಮಪ್ಪನವರು ನೊಂದುಕೊಂಡರೆ? ಪ್ರೋಗ್ರಾಮು ಇನ್ನೊಂದು ಬರೆಯಬಹುದು, ಅಂಥ ಗೆಳೆಯ ಮತ್ತೆ ಸಿಗುವುದಿಲ್ಲ. ನಿಜವಾಗಿಯೂ ಹೆದರಿದ್ದೆ. ಹೆಂಡತಿ ಹೇಳಿದಳು: “ಬ್ಯಾರೆ ಆಗೋದಿದ್ರ ಅವರ ಮುಂದ ಕೂತು ಹೇಳ್ರಿ. ಚೀಟಿ ಬರದು ಕಳಸಬ್ಯಾಡ್ರಿ.”

ಭಾನುವಾರ ಅಕ್ಕಲಕೋಟದ ಎಸ್‌ಟಿ ಬಸ್ಸು ಹತ್ತಿ ಹೋದೆ. ಅವರ ಮನೆಯಲ್ಲಿ ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಮೇಲೆ ಮೊಸರು. ಕೊನೆಗೆ ಎಲೆಅಡಿಕೆ ಹಾಕಿಕೊಳ್ಳುವಾಗ ತೊದಲುತ್ತ ಹೇಳಿದೆ.

ಸಿದ್ರಾಮಪ್ಪನವರು ತೊಡೆ ತಟ್ಟಿ ನಕ್ಕರು. “ಬ್ಯಾರೆ ಮಾಡ್ರಿ, ಖುಶಾಲ ಮಾಡ್ರಿ! ನಾನ ಹೇಳಬೇಕಂತಿದ್ದೆ, ನಿಮಗ ಬ್ಯಾಸರ ಆದೀತಂತ ಸುಮ್ಮಿದ್ದೆ. ನೀವು ಕಳಸಿದ್ದು ಕೂಡಿಸಿದ್ದಕ್ಕ ಹೋದ ಮಂಗಳವಾರ ನಮ್ಮ ಸಾಲಿ ಲಗೂನ ಬಿಟ್ಟದ. ಇವತ್ತ ಯಾವ ಊರ ಸಂತಿ ಅಂತ ನಮ್ಮ ಹೆಡ್‌ಮಾಸ್ತರ್ರು ಕೇಳಾಕತ್ತಾರ!”

ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಎದೆಯ ಮೇಲಿನ ಭಾರ ಇಳಿಯಿತು. ಅಲ್ಲೇ ಹೊಸ ಹೆಸರನ್ನೂ ಅವರೇ ಇಟ್ಟುಕೊಟ್ಟರು.

“ನಿಮ್ಮದರ ಒಂದು ಪ್ರತಿ ನನಗೂ ಕೊಡ್ರಿ,” ಎಂದರು. “ಎರಡೂ ಮಾಧ್ಯಮ ಭಾಳ ಚಲೋ ಕೂಡಿಸೀರಿ. ನಾನೂ ಒಂದೀಟು ತಿದ್ದಿ ನೋಡತೀನಿ.”

“ತಿದ್ರಿ, ತಿದ್ರಿ,” ಎಂದೆ. ಅಷ್ಟಕ್ಕೆ ನಿಲ್ಲಿಸಬೇಕಿತ್ತು. ನಾನು ಸ್ವತಂತ್ರನಾಗಿ ಇನ್ನೂ ಐದು ನಿಮಿಷ ಆಗಿರಲಿಲ್ಲ, ಬಾಯಿ ತಾನಾಗಿಯೇ ಮುಂದುವರಿಯಿತು: “ಆದರ ಏನರ ತಿದ್ದೂ ಮೊದಲ ನನಗ ಒಂದು ಮಾತು ಕೇಳ್ರಿ.”