ನಮ್ಮ ಮನೆತನದ ಕಲ್ಲಿಗೆ ಎದೆ ತಿಕ್ಕುವ ಟಗರಿಗೆ

ಥಾರ್ನ್‌ಬೆಕ್ ಚರ್ಚಿನ ಸ್ಮಶಾನದ ಹುಲ್ಲಿಗೆ ಏಕಮೇವ ಅಧಿಕಾರಿಗಳೂ, ಎರಡು ಸುತ್ತು ಕೊಂಬಿನ ಒಡೆಯರೂ ಆದ ಬ್ರಿಗೇಡಿಯರ್ ಎಂಬ ಟಗರು ಮಾನ್ಯರೇ,

ತಮ್ಮ ಮೇವು ಹಸಿರಾಗಿಯೂ ಬೇಲಿ ಸಡಿಲವಾಗಿಯೂ ಇರಲೆಂದು ಹಾರೈಸುತ್ತಾ ಅರಿಕೆ ಮಾಡಿಕೊಳ್ಳುವುದೇನೆಂದರೆ, ಹುಲ್ಲು ಮೇಯಲೆಂದು ಒಳಗೆ ಬಿಟ್ಟ ದಿನದಿಂದಲೂ ತಾವು ನಲವತ್ತೆರಡು ಗೋರಿಕಲ್ಲುಗಳನ್ನು ಬಿಟ್ಟು ನಮ್ಮ ಮನೆತನದ ಕಲ್ಲನ್ನೇ ತಿಕ್ಕಿ ಸವೆಸುತ್ತಿದ್ದೀರಿ.

ನನ್ನ ಅಜ್ಜಿ ಹಿಲ್ಡಾಗೆ ತೊಂಬತ್ತೊಂದು. ಅವರ ದೊಡ್ಡಪ್ಪ ವಿಲ್ಫ್ರೆಡ್ ಯುದ್ಧದಲ್ಲಿ ಗಾಯಗೊಂಡು, ಯುದ್ಧ ಮುಗಿದು ಮೂರು ವಾರಕ್ಕೆ ಸತ್ತರೆಂಬ ಅಪರಾಧಕ್ಕೆ ಊರ ಹುತಾತ್ಮರ ಕಂಬದಲ್ಲಿ ಹೆಸರಿಲ್ಲ. ಅದನ್ನು ಕೆತ್ತಿಸಿ ಸಾಯಬೇಕೆಂಬುದು ಅಜ್ಜಿಯ ಹಟ; ಕೆತ್ತುವವನು ಬರುವುದು ಈ ಶನಿವಾರ. ವಿಲ್ಫ್ರೆಡ್ ಈ ಊರಿನವರೆಂಬುದಕ್ಕೆ ದಾಖಲೆ ಎಲ್ಲಿ ಎಂದಿತು ಕಂಬದ ಉಸ್ತುವಾರಿ ಸಮಿತಿ. ಚರ್ಚಿನ ಜನನ ಪುಸ್ತಕದ ಆ ವರ್ಷದ ಹಾಳೆಯನ್ನು ಹುಳಗಳು ಭಕ್ತಿಯಿಂದ ಸೇವಿಸಿವೆ. ಉಳಿದದ್ದು ಅವರ ತಂದೆತಾಯಿಯದಾದ, ತಾವು ಓದಲಾಗದಂತೆ ಸವೆಸಿದ ಈ ಕಲ್ಲೊಂದೇ.

ಹೀಗಿರಲು ಕಳೆದ ಸೋಮವಾರ, ತಾವು ಯಾವ ಯಾವ ಕುರಿಯನ್ನು ಕೂಡಿದಿರೆಂದು ಗುರುತು ಸಿಗಲಿ ಎಂದು ರೈತರು ಎದೆಗೆ ಬಳಿದ, ಎಣ್ಣೆಯಲ್ಲಿ ಕಲಸಿದ, ಬೇಗ ಒಣಗದ ಕೆಂಪು ಬಣ್ಣವನ್ನು ಹೊತ್ತು, ಪಕ್ಕದ ಹೊಲದ ಕುರಿಗಳನ್ನು ಮರೆತು, ಬೇಲಿ ಹಾರಿ, ನೇರ ನಮ್ಮ ಕಲ್ಲಿಗೇ ಬಂದು ಎದೆ ತಿಕ್ಕಿದಿರಿ. ಕಲ್ಲೆಲ್ಲ ಕೆಂಪಾಗಿ, ತಗ್ಗಿನ ಅಕ್ಷರಗಳಷ್ಟೇ ಬೆಳ್ಳಗೆ ಉಳಿದವು: 'ಇವರ ಮಗ ವಿಲ್ಫ್ರೆಡ್, ಇದೇ ಊರಲ್ಲಿ ಹುಟ್ಟಿದವನು.' ಮೂವರು ಸಂಶೋಧಕರು ಮಂಡಿಯೂರಿ, ಕಾಗದವಿಟ್ಟು ಮೇಣ ತಿಕ್ಕಿ ಮಾಡಲಾಗದ್ದನ್ನು ತಾವು ಬರೀ ತುರಿಕೆಯಿಂದ ಸಾಧಿಸಿದಿರಿ.

ಆದರೆ ಸಮಿತಿಯ ಕಾರ್ಯದರ್ಶಿ ಪೆಟಿಫರ್, "ಟಗರು ತೋರ್ಸಿದ್ದನ್ನೆಲ್ಲ ದಾಖಲೆ ಅಂದ್ರೆ, ನಾಳೆ ನಾಯಿನೂ ಅರ್ಜಿ ಹಾಕತ್ತೆ, ಅಜ್ಜಿ," ಎಂದರು. "ಹಾಕ್ಲಿ ಬಿಡಯ್ಯಾ, ನಿನ್ನ ನಡಾವಳಿಗಿಂತ ಓದೋಕೆ ಚೆನ್ನಾಗಿರತ್ತೆ," ಎಂದರು ಅಜ್ಜಿ. ಮಳೆ ಬಂದರೆ ಬಣ್ಣ ಹೋದೀತೆಂದು ಅವರು ಈಗ ಫ್ಲಾಸ್ಕಿನಲ್ಲಿ ಚಹಾ ಇಟ್ಟುಕೊಂಡು ಕಲ್ಲಿಗೆ ಕೊಡೆ ಹಿಡಿದು ಕೂತಿದ್ದಾರೆ.

ಆದ್ದರಿಂದ ತಾವು ಶುಕ್ರವಾರದ ಸಭೆಗೆ ದಯಮಾಡಿಸಿ, ಪ್ರಮಾಣವಚನ ಸ್ವೀಕರಿಸಿ, ಸಾಕ್ಷ್ಯಪತ್ರಕ್ಕೆ ಗೊರಸೊತ್ತಬೇಕಾಗಿ, ಅಲ್ಲಿಯವರೆಗೆ ಮೋಡಗಳನ್ನು ಹಾಯ್ದು ಓಡಿಸಬೇಕಾಗಿಯೂ ಬೇಡುವ,

ತಮ್ಮ ವಿಶ್ವಾಸಿ,
ಬಾರ್ನಬಿ ಆಕ್‌ರಾಯ್ಡ್

ತಾ.ಕ.: ಈ ಪತ್ರವನ್ನು ಬೇಲಿಗೆ ಅಂಟಿಸುವ ಮೊದಲೇ ಪೆಟಿಫರ್ ಬಿಳಿ ಮಳೆಕೋಟು ತೊಟ್ಟು ಪರಿಶೀಲನೆಗೆ ಬಂದು ಬಗ್ಗಿದ್ದೂ, ತಾವು ಹಿಂದಿನಿಂದ ಮುಂಗಾಲೆತ್ತಿ ಅವರನ್ನು ಕಲ್ಲಿಗೆ ಒತ್ತಿದ್ದೂ ಊರಿಗೇ ಗೊತ್ತು. ಅವರೆದೆಯ ಮೇಲೆ ತಿರುಗುಮುರುಗಾಗಿ ಮೂಡಿದ ವಿಲ್ಫ್ರೆಡ್‌ರನ್ನು ಸಭೆ ಕನ್ನಡಿ ಹಿಡಿದು ಓದಿ ಅಂಗೀಕರಿಸಿತು. ಅಜ್ಜಿ ಕೊಡೆ ಮಡಿಚಿದರು. ಕಾರ್ಯದರ್ಶಿಗಳ ಬೆನ್ನ ಮೇಲಿನ ಕೆಂಪು ಗುರುತನ್ನು ಕಂಡ ರೈತರು ಮಾತ್ರ, ಪದ್ಧತಿಯಂತೆ, ಅವರನ್ನು ವಸಂತದಲ್ಲಿ ಮರಿ ಹಾಕುವವರ ಪಟ್ಟಿಗೆ ಸೇರಿಸಿಕೊಂಡಿದ್ದಾರೆ.