ಗಾಜನ್ನು ಮುಟ್ಟಬೇಡಿ

ಜೂನ್ ಹದಿನಾಲ್ಕು, ಮಂಗಳವಾರ. ವಿಷ ಸಂಶೋಧನಾಲಯದಲ್ಲಿ ಆ ದಿನ ಇದ್ದ ಹಾವುಗಳು ಹನ್ನೆರಡು. ಅವನ್ನು ನೋಡಿಕೊಳ್ಳುವ ಹಾವಿನಜ್ಜನ ಬೆರಳುಗಳು ಎಂಟು. ಉಳಿದೆರಡು ಎಲ್ಲಿ ಹೋದವೆಂದು ಅಲ್ಲಿ ಯಾರೂ ಕೇಳುತ್ತಿರಲಿಲ್ಲ.

ಸಿಬ್ಬಂದಿಯ ಗುರುತಿನ ಚೀಟಿಗೆ ಫೋಟೋ ತೆಗೆಯುವ ನೌಕರನಿಗೆ ಮಾತ್ರ ಆ ಬೆಳಿಗ್ಗೆ ಆ ಕೈಯ ಮೇಲೆಯೇ ಕಣ್ಣು. ಅವನು ಆರು ವರ್ಷಗಳಿಂದ ಹಂಗಾಮಿ. ಹನ್ನೆರಡು ಹಾವುಗಳ ಮುಖಚಿತ್ರ ಬೇಕು, ಕಣ್ಣಿನ ಸುತ್ತಲಿನ ಹುರುಪೆಗಳನ್ನು ಎಣಿಸುವಂತಿರಬೇಕು ಎಂದಿದ್ದರು ನಿರ್ದೇಶಕಿ. ಮೊದಲನೆಯದು ಸಂಜೆಯೊಳಗೆ ಒಪ್ಪಿಗೆಯಾದರೆ ಕೆಲಸ ಕಾಯಂ. ಇಲ್ಲವಾದರೆ ಕೆಲಸವೇ ಇಲ್ಲ. ಹೆಂಡತಿ ಇನ್ನೂ ಚುಟುಕಾಗಿ ಹೇಳಿದ್ದಳು: “ಆರ್ಡರ್ ತಂದ್ರೆ ಬಾಗ್ಲು ತೆಗೀತೀನಿ.”

ಚಿತ್ರಕ್ಕೆಂದೇ ಒಂದು ಪೆಟ್ಟಿಗೆ ಮಾಡಿಸಿದ್ದರು. ಮೇಲೆ ಜಾಲರಿಯ ಮುಚ್ಚಳ, ಮುಂದೆ ಗಾಜಿನ ಚೌಕಟ್ಟು. ಚೌಕಟ್ಟಿನ ಅಂಚಿನಲ್ಲಿ ಉಗ್ರಾಣದ ಗುಮಾಸ್ತರ ದುಂಡಕ್ಷರದ ಚೀಟಿ: ಗಾಜನ್ನು ಮುಟ್ಟಬೇಡಿ. ಗಾಜು ಎಷ್ಟು ಶುಭ್ರವೆಂದರೆ ಫೋಟೋದವನಿಗೆ ಅದು ಕಾಣಿಸಲೇ ಇಲ್ಲ. ಅವನು ನಿಯಮ ಮೀರುವವನಲ್ಲ, ಮುಟ್ಟಲಿಲ್ಲ. ಪ್ರತಿಬಿಂಬ ಬೀಳದಿರಲೆಂದು ಮುಂಭಾಗಕ್ಕೆ ಕಪ್ಪು ಬಟ್ಟೆ ಇಳಿಬಿಟ್ಟ.

ಅಜ್ಜ ಹಿಂದೆ ನಿಂತು, ಮುಚ್ಚಳ ಎತ್ತಿ, ಕೊಕ್ಕೆಯಿಂದ ನಾಲ್ಕು ಅಡಿಯ ಮಂಡಲದ ಹಾವನ್ನು ಇಳಿಸಿದರು.

“ಮಗಾ, ಹಾವು ಎಷ್ಟುದ್ದವೋ ಅಷ್ಟು ದೂರ ನಿಂತ್ಕೋ. ಅದಕ್ಕಿಂತ ಹತ್ರ ಹೋಗ್ಬೇಡ.”

“ಗಾಜಿದೆಯಲ್ಲ ಅಜ್ಜ.”

“ಗಾಜಿನ ವಿಷ್ಯ ನಂಗೊತ್ತಿಲ್ಲಪ್ಪ. ಹಾವಿನ ವಿಷ್ಯ ಗೊತ್ತು,” ಎಂದು ಅಜ್ಜ ಎಂಟು ಬೆರಳುಗಳನ್ನು ಒರೆಸಿಕೊಂಡು ಹೊರಟರು.

ಫೋಟೋದವನು ಬಟ್ಟೆಯೊಳಗೆ ನುಸುಳಿದ. ಒಳಗೆ ಬಾವಿಯ ತಳದ ಕತ್ತಲು. ಜಾಲರಿಯಿಂದ ಹಾವಿನ ಮೇಲಷ್ಟೇ ಬೆಳಕು. ನಡುವಿನ ಅಂತರ ಒಂದು ಗೇಣು. ಹಾವಿನ ಕಣ್ಣಿನ ಸೀಳು ಕಿರಿದಾಗುವುದು ಕಾಣುತ್ತಿತ್ತು. ಅದು ಸೀಟಿ ಹೊಡೆಯಲು ಮರೆತ ಕುಕ್ಕರಿನಂತೆ ಬುಸುಗುಟ್ಟಿತು. ಗಾಜಿನಾಚೆಯ ಸದ್ದು ಇಷ್ಟು ಸ್ಪಷ್ಟವಾಗಿ ಕೇಳುವುದೇ ಎಂದು ಅವನು ಬೆರಗಾದ.

ಒಂದು ನೊಣ ಅವನ ಮೂಗಿನ ಮೇಲೆ ಕುಳಿತಿತು. ಊದಿದ, ಹಾರಿತು. ಮರುಕ್ಷಣವೇ ಹಾವಿನ ತಲೆಯ ಮೇಲೆ ಒಂದು ನೊಣ ಕುಳಿತಿತು. ಗಾಜಿನ ಈಚೆ ಒಂದು, ಆಚೆ ಒಂದು. ಆದ್ದರಿಂದ ನೊಣಗಳು ಎರಡು ಎಂದು ಅವನು ಲೆಕ್ಕ ಮುಗಿಸಿದ.

“ಬದುಕಿದೀಯೇನೋ?” ಹೊರಗಿನಿಂದ ಟೈಪಿಸ್ಟ್ ಅಕ್ಕನ ಕೂಗು. “ಇಲ್ಲ ಅಂದ್ರೆ ಹೇಳ್ಬಿಡು, ನಿನ್ನ ಊಟದ ಡಬ್ಬಿ ನಾನು ತೆಗೀತೀನಿ!”

“ಸದ್ದು ಮಾಡ್ಬೇಡಿ ಅಕ್ಕಾ!”

ಗುಂಡಿ ಒತ್ತಿದ. ಅದೇ ಕ್ಷಣ ಟಪ್ ಎಂದಿತು. ಕ್ಯಾಮೆರಾ ಅವನ ಹುಬ್ಬಿಗೆ ಬಡಿಯಿತು. ಮತ್ತೆ ನೋಡಿದರೆ ಹಾವು ಮೊದಲಿನಂತೆಯೇ ಸುರುಳಿ ಸುತ್ತಿ ಕುಳಿತಿದೆ, ಬೈಸಿಕೊಂಡ ಹಿರಿಯ ಅಧಿಕಾರಿಯಂತೆ. ಗಾಜಿಗೆ ಮೂತಿ ಬಡಿದುಕೊಂಡಿತು, ಪಾಪ. ತಾನೇ ಬೆಚ್ಚಿ ಕ್ಯಾಮೆರಾ ಅಲುಗಿಸಿದೆ ಎಂದುಕೊಂಡು ಹೊರಬಂದ. ಲೆನ್ಸಿನ ಮೇಲೆ ಎರಡು ಹಳದಿ ಹನಿಗಳಿದ್ದವು, ಹೆಬ್ಬೆರಳಿನ ಅಗಲ ಅಂತರದಲ್ಲಿ. ಎಣ್ಣೆ ಇರಬೇಕೆಂದು ಕರವಸ್ತ್ರದಿಂದ ಒರೆಸಿದ.

ನಾಲ್ಕು ಗಂಟೆಗೆ ನಿರ್ದೇಶಕಿ ಚಿತ್ರವನ್ನು ಬೆಳಕಿಗೆ ಹಿಡಿದರು. ತೆರೆದ ಬಾಯಿ, ಎರಡು ಹಲ್ಲು; ಹುರುಪೆಗಳನ್ನು ಒಂದೊಂದಾಗಿ ಎಣಿಸಬಹುದಿತ್ತು.

“ಗಾಜಿದೆ ಅಂತ ಅನ್ನಿಸೋದೇ ಇಲ್ಲ ಕಣ್ರೀ!” ಎಂದು ಅವರು ಕಾಯಂ ಆದೇಶವನ್ನು ಮುಂದೆ ಸರಿಸಿದರು. ಮೊದಲ ಷರತ್ತು: ಸುರಕ್ಷತೆಯ ಏರ್ಪಾಡಿಲ್ಲದೆ ಹಾವಿನ ಹತ್ತಿರ ಹೋದವರನ್ನು ಅಂದೇ ವಜಾ ಮಾಡಲಾಗುವುದು. ಅವನು ಓದಿ, ತಲೆದೂಗಿ, ಸಹಿ ಹಾಕಿದ.

ಬಾಗಿಲು ತಟ್ಟಿದ ಸದ್ದಾಯಿತು. ಗಾಜಿನಂಗಡಿಯವನು ಕಾಗದದಲ್ಲಿ ಸುತ್ತಿದ ಚೌಕವೊಂದನ್ನು ಹೊತ್ತು ನಿಂತಿದ್ದ. ಪಕ್ಕದಲ್ಲಿ ಉಗ್ರಾಣದ ಗುಮಾಸ್ತರು.

“ಹಾವಿನ ಪೆಟ್ಟಿಗೆ ಗಾಜು, ಮೇಡಂ. ನಿನ್ನೆನೇ ತರ್ಬೇಕಿತ್ತು, ತಪ್ಪಾಯ್ತು.”

ಫೋಟೋದವನು ಗುಮಾಸ್ತರತ್ತ ತಿರುಗಿದ. “ಮತ್ತೆ ಚೀಟಿ?” ಎಂದು ಮೆಲ್ಲನೆ ಕೇಳಿದ.

“ಚೀಟಿ ನಾನು ಮೊದ್ಲೇ ಅಂಟಿಸಿಬಿಡ್ತೀನಪ್ಪ,” ಗುಮಾಸ್ತರು ಅವನ ಕಿವಿಯಲ್ಲಿ ಪಿಸುಗುಟ್ಟಿದರು. “ಆಮೇಲೆ ಮರ್ತುಹೋಗತ್ತೆ.”

ನೊಣಗಳು ಎರಡಲ್ಲ, ಒಂದು. ಜೇಬಿನಲ್ಲಿದ್ದ ಕರವಸ್ತ್ರ ಹಠಾತ್ತನೆ ಭಾರವಾಯಿತು.

“ಇದ್ಯಾಕೆ ತಂದ್ರಿ?” ನಿರ್ದೇಶಕಿ ಗದರಿದರು. “ಇರೋ ಗಾಜೇ ಇಷ್ಟು ಚೆನ್ನಾಗಿದೆ. ವಾಪಸ್ ತಗೊಂಡ್ಹೋಗಿ. ಉಳಿದ ಫೋಟೋನೂ ಅದರಲ್ಲೇ ತೆಗೀತಾರೆ. ಏನ್ರೀ?”

ಗುಮಾಸ್ತರು ಛಾವಣಿ ನೋಡಿದರು. ಫೋಟೋದವನು ಷರತ್ತಿನ ಕೆಳಗೆ ಇನ್ನೂ ಒಣಗದ ತನ್ನ ಸಹಿಯನ್ನು ನೋಡಿದ. “ಹೂಂ, ಮೇಡಂ,” ಎಂದ.

ಕಾರಿಡಾರಿನ ಕೊನೆಯಲ್ಲಿ ಅಜ್ಜ ಕೊಕ್ಕೆ ಹಿಡಿದು ಕಾಯುತ್ತಿದ್ದರು.

“ಬಾ ಮಗಾ, ಎರಡನೇದನ್ನ ಪೆಟ್ಟಿಗೇಲಿ ಬಿಟ್ಟಿದೀನಿ. ಇದಕ್ಕೆ ಒಂಚೂರು ಕೋಪ ಜಾಸ್ತಿ.”

ಅವನು ತನ್ನ ಬೆರಳುಗಳನ್ನು ಒಮ್ಮೆ ಎಣಿಸಿಕೊಂಡ. ಹತ್ತು ಇದ್ದವು. ಕೊಡಬೇಕಾದ ಚಿತ್ರಗಳು ಹನ್ನೆರಡು, ಕೊಟ್ಟದ್ದು ಒಂದು, ಬಾಕಿ ಹನ್ನೊಂದು.